ಒಪ್ಪಿಕೊಂಡವನಿಗೂ ಅಪೀಲು ಉಂಟೆ?

(ಹೈದರಾಬಾದಿನ ಕಾಚಿಗುಡದಲ್ಲಿ ಹೋಟೆಲು, ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಖೋಟಾ ಸಹಿಯ ಮೊಕದ್ದಮೆಯಲ್ಲಿ “ಹೌದು ಸ್ವಾಮಿ, ಸಹಿ ನಂದೇ” ಎಂದು ಕೋರ್ಟಿನಲ್ಲಿ ಹೇಳಿಬಿಟ್ಟವನಿಗೆ ಮುಂದೆ ದಾರಿಯೇ ಇಲ್ಲವೆಂದು ನಮ್ಮವರಲ್ಲಿ ಬಹಳ ಮಂದಿ ನಂಬಿದ್ದಾರೆ. ಅದು ಪೂರ್ತಿ ನಿಜವಲ್ಲ.

ಉದಾಹರಣೆಗೆ, ಯಜಮಾನನು ಸಂಬಳದ ಪುಸ್ತಕ ಮುಂದಿಟ್ಟು, “ಊರಿಗೆ ಹೋದವರ ಸಹಿಯನ್ನೂ ನೀನೇ ಹಾಕು” ಎನ್ನುತ್ತಾನೆ. ಮಾಣಿ ಹಾಕುತ್ತಾನೆ. ನಾಳೆ ತನಿಖೆ ಬಂದರೆ ಸಿಕ್ಕುವುದು ಮಾಣಿಯ ಕೈಬರಹವೇ ಹೊರತು ಯಜಮಾನನ ಮಾತಲ್ಲ! ನಾಂಪಲ್ಲಿ ಕೋರ್ಟಿನಲ್ಲಿ ಇವನು ಹೇಳುತ್ತಾನೆ: “ಹಾಕಿದ್ದು ನಿಜ. ಅವರೆಲ್ಲರ ಒಪ್ಪಿಗೆ ಉಂಟೆಂದು ಯಜಮಾನರು ಹೇಳಿದರು, ನಂಬಿದೆ. ನನಗೆ ಒಂದು ಕಾಸೂ ಬರಲಿಲ್ಲ.”

ಈ ಮಾತಿನ ಮೊದಲ ತುಂಡು ಮಾತ್ರ ಕಾಗದಕ್ಕೆ ಇಳಿದರೆ ಅದು ತಪ್ಪೊಪ್ಪಿಗೆ. ಇಡೀ ಮಾತು ಇಳಿದರೆ ಅಲ್ಲ. ಇನ್ನೊಬ್ಬರ ಹೆಸರು ಬರೆದಷ್ಟಕ್ಕೇ ಫೋರ್ಜರಿಯಾಗದು, ವಂಚಿಸುವ ಉದ್ದೇಶ ಬೇಕು. ಹಳೆಯ ದಂಡಸಂಹಿತೆಯಲ್ಲಿದ್ದ ಈ ಮಾತು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದೆ. ಸಾದಾ ಫೋರ್ಜರಿಗೆ 2 ವರ್ಷದವರೆಗೆ, ಮೋಸಕ್ಕಾಗಿ ಮಾಡಿದ್ದಾದರೆ 7 ವರ್ಷದವರೆಗೆ ಸಜೆ. “ಒಪ್ಪಿಕೊಂಡುಬಿಡು, ದಂಡ ಕಟ್ಟಿ ಬರುವೆ” ಎಂದು ಬುದ್ಧಿ ಹೇಳುವ ಪುಣ್ಯಾತ್ಮರು ಈ ಅಂಕಿಯನ್ನು ಹೇಳುವುದಿಲ್ಲ.

ಇನ್ನು ಅಪೀಲು. ತಪ್ಪೊಪ್ಪಿ ಶಿಕ್ಷೆಯಾದವನು ಶಿಕ್ಷೆಯ ಪ್ರಮಾಣವನ್ನೂ ಅದರ ಕಾನೂನುಬದ್ಧತೆಯನ್ನೂ ಮಾತ್ರ ಪ್ರಶ್ನಿಸಬಹುದು. ಹಿಂದೆ ಇದು 375ನೆಯ ಕಲಮು, ಈಗ ನಾಗರಿಕ ಸುರಕ್ಷಾ ಸಂಹಿತೆಯ 416. ಆದರೆ “ನಾನು ಹೇಳಿದ್ದು ತಪ್ಪೊಪ್ಪಿಗೆಯೇ ಅಲ್ಲ” ಎನ್ನುವ ವಾದಕ್ಕೆ ಬಾಗಿಲು ಮುಚ್ಚಿಲ್ಲ. 2 ವರ್ಷದ ಒಳಗಿನ ಸಮನ್ಸ್ ಮೊಕದ್ದಮೆಗಳಲ್ಲಿ ಆಪಾದಿತನ ಒಪ್ಪಿಗೆಯನ್ನು ಆದಷ್ಟೂ ಅವನದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಮಹಂತ ಕೌಶಲ್ಯ ದಾಸ್ ವಿರುದ್ಧ ಮದರಾಸು ರಾಜ್ಯದ ಮೊಕದ್ದಮೆಯಲ್ಲಿ (1966ರ ವರದಿ) ಹಾಗೆ ಬರೆಯದ್ದಕ್ಕೆ ಸುಪ್ರೀಂ ಕೋರ್ಟು ಶಿಕ್ಷೆಯನ್ನೇ ಎತ್ತಿಹಾಕಿತು. ಅಪೀಲಿನ ಹಕ್ಕೇ ಆ ಒಪ್ಪಿಗೆಯಿಂದ ಕುಗ್ಗುವುದರಿಂದ, ಅವನ ಮಾತು ಅವನ ಮಾತಿನಲ್ಲೇ ಇರಬೇಕೆಂಬುದು ಕಾರಣ.

ನಮ್ಮ ಕರ್ನಾಟಕದಿಂದ ಹೋದದ್ದು ಇನ್ನೊಂದು: 1983ರಲ್ಲಿ ವರದಿಯಾದ ತಿಪ್ಪಸ್ವಾಮಿ ಮೊಕದ್ದಮೆ. ಹಗುರ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸಿ, ಮೇಲಿನ ಕೋರ್ಟಿನಲ್ಲಿ ಶಿಕ್ಷೆ ಹೆಚ್ಚಿಸುವುದು ಸಂವಿಧಾನದ 21ನೆಯ ಅನುಚ್ಛೇದಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ಹೇಳಿತು. ಅಂಥಲ್ಲಿ ಶಿಕ್ಷೆಯನ್ನು ಬದಿಗಿಟ್ಟು, ಆಪಾದಿತನು ಬಯಸಿದರೆ ತನ್ನನ್ನು ಸಮರ್ಥಿಸಿಕೊಳ್ಳುವಂತೆ ಮೊಕದ್ದಮೆಯನ್ನು ಕೆಳಗೆ ಕಳುಹಿಸಬೇಕು.

ತೆಲುಗು ಅರ್ಥವಾಗದಿದ್ದರೆ ತಲೆಯಾಡಿಸಬೇಡಿ. “ಕನ್ನಡದಲ್ಲಿ ತಿಳಿಸಿ” ಎನ್ನಿ. ಜೈಲು ಶಿಕ್ಷೆಯಾದರೆ ತೀರ್ಪಿನ ನಕಲು ಉಚಿತ, ಅದನ್ನು ಅಂದೇ ಕೇಳಿ. ಸೆಷನ್ಸ್ ಕೋರ್ಟಿಗೆ ಅಪೀಲಿನ ಅವಧಿ 30 ದಿನ, ಹೈಕೋರ್ಟಿಗೆ 60. ವಕೀಲರಿಗೆ ಹಣವಿಲ್ಲದವರು 15100ಕ್ಕೆ ಫೋನು ಮಾಡಿ. 1987ರ ಕಾನೂನು ನೆರವಿನ ಕಾಯಿದೆಯಲ್ಲಿ ಕೈಗಾರಿಕಾ ಕಾರ್ಮಿಕರ ಹೆಸರನ್ನೇ ಬರೆದಿದ್ದಾರೆ, ಕಸ್ಟಡಿಯಲ್ಲಿರುವವರ ಹೆಸರನ್ನೂ.