ತೂಕ ಒಂದೇ, ಮೈ ಬೇರೆ

"ನಾನು ಸಣ್ಣಗಿದ್ದೀನಲ್ಲ, ನನಗೆಲ್ಲಿಂದ ಬರುತ್ತೆ ಸಕ್ಕರೆ ಕಾಯಿಲೆ?" ಅನ್ನುವವರು ಇವತ್ತು ಸ್ವಲ್ಪ ಕಿವಿಗೊಡಿ.

2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಅಚ್ಚಾಯಿತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಡೆಕ್ಸಾ ಯಂತ್ರದಲ್ಲಿ ಅಳೆದಾಗ ಯಡ್ಕಿನ್ ಮೈಯಲ್ಲಿದ್ದ ಕೊಬ್ಬು ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2! ಇಬ್ಬರ ಕಥೆಯಿಂದ ಎರಡು ದೇಶಗಳ ತೀರ್ಪು ಹೇಳಲಾಗದು, ನಿಜ. ಆದರೆ ದೊಡ್ಡ ಅಧ್ಯಯನಗಳೂ ಇದೇ ದಿಕ್ಕು ತೋರಿಸಿವೆ: ಅದೇ ಬಿಎಂಐನಲ್ಲಿ ಯುರೋಪಿನವರಿಗಿಂತ ನಮ್ಮಲ್ಲಿ ಸಾಮಾನ್ಯವಾಗಿ ಕೊಬ್ಬು ಹೆಚ್ಚು, ಮಾಂಸಖಂಡ ಕಡಿಮೆ. ಪೆಸಿಫಿಕ್ ದ್ವೀಪಗಳ ಪಾಲಿನೇಷಿಯನ್ನರಲ್ಲಿ ಇದು ತಿರುವುಮುರುವು.

ಸಣ್ಣಗಿದ್ದವರಿಗೂ ಸಕ್ಕರೆ ಕಾಯಿಲೆ ತರಬಲ್ಲ ನಮ್ಮ ಈ ಮೈಕಟ್ಟು ಹುಟ್ಟಿನಿಂದಲೇ ಶುರುವಾಗುತ್ತದೆ. ಒಂದು ಅಧ್ಯಯನದಲ್ಲಿ ಪುಣೆಯ ಹಳ್ಳಿಗಳ ಶಿಶುಗಳು ಸರಾಸರಿ 2.7 ಕಿಲೋ ಇದ್ದವು, ಇಂಗ್ಲೆಂಡಿನ ಸೌತಾಂಪ್ಟನ್ನಿನವು 3.5 ಕಿಲೋ. ನಮ್ಮ ಮಕ್ಕಳ ತೋಳು, ಹೊಟ್ಟೆ ಎಲ್ಲವೂ ಚಿಕ್ಕವೇ. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು 1934ರಿಂದ ಶಿಶುಗಳ ತೂಕ, ಉದ್ದ ಬರೆದಿಟ್ಟಿದ್ದರು. ಅಲ್ಲಿ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ, ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲೇ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಹಳೆಯ ರಿಜಿಸ್ಟರುಗಳನ್ನು ರದ್ದಿಗೆ ಹಾಕದವರಿಗೆ ನನ್ನದೊಂದು ನಮಸ್ಕಾರ.

ಹಾಗಾಗಿ ನಮಗೆ ಬಿಎಂಐ ಗಡಿ ಬೇರೆ. ಪಾಶ್ಚಾತ್ಯರಲ್ಲಿ ಬಿಎಂಐ 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು. ಭಾರತೀಯರಿಗೆ 2009ರ ತಜ್ಞರ ಒಮ್ಮತದಲ್ಲಿ ಅವೇ 23 ಮತ್ತು 25. ಲಂಡನ್ನಿನಲ್ಲೋ ಅಮೆರಿಕದಲ್ಲೋ ಇರುವ ನಿಮ್ಮ ಮಕ್ಕಳಿಗೂ ಇದು ಅನ್ವಯಿಸುತ್ತದೆ, ಫೋನು ಮಾಡಿದಾಗ ಹೇಳಿಬಿಡಿ.

ಹೊಟ್ಟೆಯ ಸುತ್ತಳತೆಯನ್ನೂ ನೋಡಿಕೊಳ್ಳಿ, ಮನೆಯಲ್ಲಿ ಟೈಲರ್ ಟೇಪು ಇದ್ದರೆ ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಸುತ್ತಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ನೋಡಿ. ಹೊಟ್ಟೆ ಒಳಗೆಳೆದುಕೊಂಡು ಟೇಪಿಗೆ ಮೋಸ ಮಾಡಬೇಡಿ! ಪ್ಯಾಂಟಿನ ಸೈಜು ಇಲ್ಲಿ ಲೆಕ್ಕಕ್ಕಿಲ್ಲ, ಅದನ್ನು ಹೊಟ್ಟೆಯ ಕೆಳಗೆ ಕಟ್ಟುವವರೇ ಹೆಚ್ಚು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಗಡಿ. ಗರ್ಭಿಣಿಯರಿಗೆ ಈ ಅಳತೆ ಬೇಡ. ಗಡಿ ದಾಟಿದ್ದರೆ, ತೆಳ್ಳಗೆ ಕಂಡರೂ ಸರಿ, ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ಮಾಡಿಸಿ. 30 ದಾಟಿದವರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಕ್ಕರೆ, ರಕ್ತದೊತ್ತಡ ನೋಡುತ್ತಾರೆ.

ಇನ್ನೊಂದು ಮಾತು. ಹೊಟ್ಟೆ ಕರಗಿಸಲು ಉಪವಾಸವಷ್ಟೇ ಮಾಡಿದರೆ ಮೊದಲೇ ಕಡಿಮೆಯಿರುವ ಮಾಂಸಖಂಡವೂ ಕರಗುತ್ತದೆ. ಅನ್ನ ಒಂದು ಹಿಡಿ ಕಮ್ಮಿಮಾಡಿ, ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಹೆಚ್ಚಿಸಿ. ವಾಕಿಂಗಿನ ಜೊತೆಗೆ, ಮಂಡಿನೋವಿಲ್ಲದವರು ಕುರ್ಚಿಯಿಂದ ಕೈಯೂರದೆ ಏಳುವುದು, ಕೂರುವುದನ್ನು ದಿನಾ ಹತ್ತು ಬಾರಿ ಮಾಡಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಬೇಳೆಕಾಳು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಿ.