ಪಂಪನ ತಮ್ಮ ಬರೆಸಿದ ಬಂಡೆ



ಹೈದರಾಬಾದಿನಲ್ಲಿ ನೆಲೆಸಿರುವ ನಾವು ರಜೆ ಬಂತೆಂದರೆ ಹಂಪಿ, ಬಾದಾಮಿ, ಬೇಲೂರು ಅಂತ ಹೊರಡುತ್ತೇವೆ. ಊರಿನಿಂದ ನೆಂಟರು ಬಂದರೆ ಗೋಲ್ಕೊಂಡ, ಚಾರ್‌ಮಿನಾರ್ ತೋರಿಸುತ್ತೇವೆ. ಆದರೆ ನಮ್ಮ ಆದಿಕವಿ ಪಂಪನ ಮನೆತನದ ವಿವರವನ್ನು ಹೊತ್ತ ಬಂಡೆಯೊಂದು ಇಲ್ಲಿಂದ ಅರ್ಧ ದಿನದ ಹಾದಿಯಲ್ಲಿದೆ. ಇವತ್ತಿನ ಮಾತು ಅದರ ಬಗ್ಗೆ.

ಕರೀಂನಗರ ಜಿಲ್ಲೆಯ ಗಂಗಾಧರ ಮಂಡಲದಲ್ಲಿ ಕುರಿಕ್ಯಾಲ ಎಂಬ ಊರು. ಅಲ್ಲಿನ ಗುಡ್ಡಕ್ಕೆ ಜನ ಕರೆಯುವ ಹೆಸರು ಬೊಮ್ಮಲಮ್ಮ ಗುಟ್ಟ. ತೆಲುಗಿನಲ್ಲಿ ಬೊಮ್ಮ ಎಂದರೆ ಬೊಂಬೆ. ಬಂಡೆಯ ಮೇಲೆ ಜಿನಮೂರ್ತಿಗಳನ್ನೂ ಚಕ್ರೇಶ್ವರಿ ಯಕ್ಷಿಯನ್ನೂ ಕಂಡರಿಸಿದ್ದಾರೆ. ಅದರ ಕೆಳಗೆ ಸುಮಾರು ಕ್ರಿ.ಶ. 945ರ ಶಾಸನ. ಬರೆಸಿದವನು ಜಿನವಲ್ಲಭ, ಪಂಪನ ತಮ್ಮ.

ಒಂದೇ ಶಾಸನದಲ್ಲಿ ಮೂರು ಭಾಷೆಗಳಿವೆ: ಸಂಸ್ಕೃತ, ಕನ್ನಡ, ತೆಲುಗು. ತಂದೆ ಭೀಮಪಯ್ಯನ ಮನೆತನ ವೆಂಗಿನಾಡಿನ ವಂಗಿಪರ್ರಿನದು. ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಅಂದರೆ ಅಪ್ಪನ ಕಡೆ ಇಂದಿನ ಆಂಧ್ರ, ಅಮ್ಮನ ಕಡೆ ಇಂದಿನ ಧಾರವಾಡ ಜಿಲ್ಲೆ, ಬಾಳಿದ್ದು ಇಂದಿನ ತೆಲಂಗಾಣದಲ್ಲಿ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಎಂದು ಬದುಕುತ್ತಿರುವ ನಮಗೆ ಈ ಸಂಸಾರ ಅಪರಿಚಿತ ಅನ್ನಿಸುತ್ತದೆಯೇ?

ಪಂಪನಿಗೆ ಆಶ್ರಯ ಕೊಟ್ಟವನು ವೇಮುಲವಾಡದ ಚಾಲುಕ್ಯ ಅರಸ ಇಮ್ಮಡಿ ಅರಿಕೇಸರಿ. ಅವನು ಕವಿಗೆ ಧರ್ಮಪುರವನ್ನು ಅಗ್ರಹಾರವಾಗಿ ಕೊಟ್ಟ ಸಂಗತಿ ವಿಕ್ರಮಾರ್ಜುನ ವಿಜಯದಲ್ಲೂ ಇದೆ, ಈ ಬಂಡೆಯಲ್ಲೂ ಇದೆ. ಕಾವ್ಯದ ಮಾತಿಗೆ ಕಲ್ಲು ಸಾಕ್ಷಿ ಹೇಳುವುದು ಅಪರೂಪ. ತಮ್ಮ ಇಲ್ಲಿ ಬಸದಿ ಕಟ್ಟಿಸಿ ತ್ರಿಭುವನತಿಲಕ ಎಂದ, ತೋಟ ಮಾಡಿಸಿ ಮದನವಿಲಾಸ ಎಂದ. ಕೆರೆ ತೋಡಿಸಿ ಅದಕ್ಕೆ ಅಣ್ಣನ ಬಿರುದನ್ನೇ ಇಟ್ಟ, ಕವಿತಾಗುಣಾರ್ಣವ. ತೆಲುಗರಿಗೂ ಈ ಬಂಡೆ ಅಷ್ಟೇ ದೊಡ್ಡದು. ಇದರಲ್ಲಿರುವ ತೆಲುಗು ಕಂದಪದ್ಯಗಳು ನನ್ನಯನಿಗಿಂತ ಸುಮಾರು ಒಂದು ಶತಮಾನ ಹಿಂದಿನವು.

ಇಂಥ ಶಾಸನವನ್ನು ಓದುವವರು ಏನು ಮಾಡುತ್ತಾರೆ ಗೊತ್ತೇ? ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಗಳಿಗೆ ಇಳಿಸುತ್ತಾರೆ. ಮೇಲೆ ಮಸಿ ಒತ್ತಿದಾಗ ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಮೂಡುತ್ತದೆ. ಇದೇ ಪಡಿಯಚ್ಚು. ಈಗ ಕ್ಯಾಮೆರಾ, ತ್ರೀಡಿ ಸ್ಕ್ಯಾನರ್‌ಗಳೂ ಬಂದಿವೆ.

ಹಾಗಾದರೆ ಪ್ರತಿ ಇದೆಯಲ್ಲ, ಕಲ್ಲು ಹೋದರೇನು ಅಂತ ಕೇಳಬಹುದು. ಪ್ರತಿ ಮಾತನ್ನು ಉಳಿಸುತ್ತದೆ, ಜಾಗವನ್ನು ಉಳಿಸುವುದಿಲ್ಲ. ಶಾಸನ ಹೇಳುವ ಬೆಟ್ಟ ಇದೇ, ಕೆರೆ ಇಲ್ಲೇ ಎಲ್ಲೋ ಇರಬೇಕು ಎಂದು ನಾಳೆ ಒಬ್ಬ ವಿದ್ಯಾರ್ಥಿ ಹುಡುಕಬೇಕಾದರೆ ಗುಡ್ಡ ಇದ್ದಲ್ಲೇ ಇರಬೇಕು. ಅಕ್ಷರವೊಂದರ ಬಗ್ಗೆ ಅನುಮಾನ ಬಂದರೆ ಮತ್ತೆ ನೋಡಲು ಕಲ್ಲೇ ಬೇಕು. ಕರೀಂನಗರದ ಸೀಮೆ ಗ್ರಾನೈಟ್‌ಗೆ ಹೆಸರಾದದ್ದು. ನಮ್ಮ ಅಡುಗೆಮನೆಯ ಕಟ್ಟೆಗೆ ಹಾಸುವ ನುಣುಪು ಕಲ್ಲು ಹುಟ್ಟುವುದು ಇಂಥ ಗುಡ್ಡಗಳಲ್ಲೇ. ಈ ಗುಟ್ಟಕ್ಕೂ ಕ್ವಾರಿಯ ಆತಂಕ ಬಂದದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು.

ಕಾನೂನು ಇಲ್ಲವೇ? ಇದೆ. 1958ರ ಕೇಂದ್ರ ಕಾಯಿದೆಗೆ 2010ರಲ್ಲಿ ತಿದ್ದುಪಡಿ ಮಾಡಿ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು ಗೊತ್ತುಮಾಡಿದರು. ತೆಲಂಗಾಣಕ್ಕೆ 2017ರಿಂದ ತನ್ನದೇ ಪರಂಪರೆ ಕಾಯಿದೆ ಇದೆ. ಆದರೆ ಕಾನೂನು ಕಾಯುವುದು ಪಟ್ಟಿಯಲ್ಲಿರುವ ಕಲ್ಲನ್ನು. ಪಟ್ಟಿಗೆ ಸೇರುವುದು ಯಾರೋ ನೋಡಿ, ಕೇಳಿ, ಅರ್ಜಿ ಬರೆದ ಮೇಲೆ.

ಆ ಯಾರೋ ನಾವೇ ಏಕಾಗಬಾರದು? ಮುಂದಿನ ಬಾರಿ ವೇಮುಲವಾಡದ ರಾಜರಾಜೇಶ್ವರನ ದರ್ಶನಕ್ಕೆ ಹೋದಾಗ ಕುರಿಕ್ಯಾಲಕ್ಕೂ ಹೋಗಿ ಬನ್ನಿ, ಮಕ್ಕಳನ್ನೂ ಕರೆದೊಯ್ಯಿರಿ. ಅಕ್ಷರ ಕಾಣಲೆಂದು ಸೀಮೆಸುಣ್ಣ, ಎಣ್ಣೆ, ಬಣ್ಣ ಹಚ್ಚಬೇಡಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅವು ತಾವಾಗಿಯೇ ಎದ್ದು ಕಾಣುತ್ತವೆ. ಫೋಟೋ ತೆಗೆದು ತಾರೀಕು ಹಾಕಿಡಿ. ಹಾನಿ ಕಂಡರೆ ಆ ಫೋಟೋ ಜೊತೆ ರಾಜ್ಯದ ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯಿರಿ. ಊರಿನವರ ಜೊತೆ ಎರಡು ಮಾತಾಡಿ, ತೆಲುಗಿನಲ್ಲೇ. ದಿನವೂ ಆ ಕಲ್ಲನ್ನು ಕಾಯುತ್ತಿರುವವರು ಅವರು. ದೂರದ ಊರಿನಿಂದ ಅದನ್ನು ಹುಡುಕಿಕೊಂಡು ಜನ ಬರುತ್ತಾರೆಂದು ತಿಳಿದರೆ ಅವರ ಮಾತಿಗೂ ಬಲ ಬರುತ್ತದೆ.

ಹೋಗಿ ಬಂದವರು ನಮಗೂ ಬರೆಯಿರಿ, ನಿಮ್ಮ ಪತ್ರವನ್ನು ಇಲ್ಲಿ ಓದುತ್ತೇವೆ.