ಐಟಿ ಪಾರ್ಕಿನ ಹಿಂದಿನ ಊರು

ಡೊಂಬಿವಲಿ, ಕಲ್ಯಾಣದಿಂದ ಐರೋಳಿ, ಮಹಾಪೆಗೆ ದಿನಾ ಓಡಾಡೋ ನಮಗೆ ಘಣಸೋಲಿ ಅಂದ್ರೆ ಒಂದು ಸ್ಟೇಷನ್ ಅಷ್ಟೇ. ಆದರೆ ಅಲ್ಲಿ ಗಾವಠಾಣ, ಅಂದರೆ ಹಳೇ ಊರು, ಇನ್ನೂ ಇದೆ. ಬೆಳಗಾವಿ ಕಡೆಯವರಿಗೆ ಈ ಮಾತು ಗೊತ್ತು. ಅದು ಆಗ್ರಿ, ಕೋಳಿ ಜನರ ಊರು. ಖಾಡಿಯ ಉಪ್ಪುನೀರಿಗೆ ಒಡ್ಡು ಕಟ್ಟಿ ಭತ್ತ ಬೆಳೆದವರು, ನಮ್ಮ ಕುಮಟಾ ಕಡೆಯ ಕಗ್ಗ ಬೆಳೆಗಾರರ ಹಾಗೆ.

1970ರಲ್ಲಿ ಸಿಡ್ಕೊ ಹುಟ್ಟಿತು. 95 ಹಳ್ಳಿಗಳ ಜಮೀನು ಹೊಸ ನಗರಕ್ಕೆ ಅಂತ ಗುರುತಾಯಿತು. ಪರಿಹಾರ ಸಾಲದು ಅಂತ ಡಿ.ಬಿ. ಪಾಟೀಲರ ಮುಂದಾಳತ್ವದಲ್ಲಿ ರೈತರು ಎದ್ದರು. 1984ರ ಜನವರಿಯಲ್ಲಿ ಉರಣ ತಾಲೂಕಿನ ಜಾಸಯ್ ಕಡೆ ಪೊಲೀಸರ ಗುಂಡಿಗೆ ಐವರು ಸತ್ತರು. ಆಮೇಲೆ, ಹೋದ ಜಮೀನಿನ ಶೇ. 12.5ರಷ್ಟನ್ನು ನಿವೇಶನವಾಗಿ ಕೊಡೋ ಯೋಜನೆ ಬಂತು. ನಿವೇಶನ ಬಂತು, ಗದ್ದೆ ಬರಲಿಲ್ಲ.

ಹಾಡು ಮಾತ್ರ ಅಷ್ಟು ಸುಲಭಕ್ಕೆ ಹೋಗಿಲ್ಲ. ಆಗ್ರಿ ಮದುವೆಯಲ್ಲಿ ಧವಲಾರಿಣ್ ಅನ್ನೋ ಹಿರಿಯ ಹೆಂಗಸರು ಒಂದೊಂದು ಶಾಸ್ತ್ರಕ್ಕೂ ಧವಲೆ ಹಾಡ್ತಾರೆ. ನಮ್ಮ ಸೋಬಾನೆ ಪದದ ಥರಾನೇ. ಆದ್ರೆ ಪುರೋಹಿತರಂತೆ ಶಾಸ್ತ್ರ ನಡೆಸೋರೂ ಅವರೇ! ಬಾಯಿಂದ ಬಾಯಿಗೆ ಬಂದ ಹಾಡುಗಳು. ಈಗ ಹಳದಿ ದಿನ ಡಿಜೆ ಸದ್ದೇ ಜೋರು. ಆಫೀಸಿನ ಆಗ್ರಿ ಗೆಳೆಯರು ಹಳದಿಗೆ ಕರೆದರೆ ತಪ್ಪಿಸಬೇಡಿ. ಡಿಜೆ ಶುರುವಾಗೋ ಮುಂಚೆ ಹೋಗಿ, ಹಾಡೋ ಅಜ್ಜಿಯ ಹತ್ತಿರ ಕೂತ್ಕೊಳ್ಳಿ.